ಹದಿನೆಂಟು ಹಲ್ಲಿನ ಹಿರಿಯರ ಜೊತೆ ಮಾತುಕತೆ

ಸೈಕಲ್ಲಿನ ಫ್ರೀವೀಲ್ ಬಾಯಿ ಬಿಡುವುದು ಕಾಲು ತುಳಿಯುವುದನ್ನು ನಿಲ್ಲಿಸಿದಾಗ ಮಾತ್ರ. ಅದಕ್ಕೇ ಕೊಳಗಲ್ಲಿನ ಸೈಕಲ್ ಶಾಪಿನಲ್ಲಿ ಹಳೆಯ ಅಟ್ಲಾಸ್ ಒಂದನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರ ತಿರುವಿಬಿಟ್ಟ ಮೇಲಷ್ಟೇ ವರದಿಗಾರನಿಗೆ ಸಂದರ್ಶನ ದಕ್ಕಿತು.

"ನಿಮ್ಮ ಜಾತಕ ಹೇಳ್ರಿ ತಾತ."

"ಮುಂದಿನ ಚೈನ್‌ವೀಲಿಗೆ 44 ಹಲ್ಲು, ನನಗೆ 18. ಚಕ್ರ 28 ಇಂಚು. ಪೆಡಲ್ ಒಂದು ಸುತ್ತು ಬಂದರೆ ಗಾಡಿ 5.4 ಮೀಟರ್ ಮುಂದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿಲೋಮೀಟರ್."

"ಹುಡುಗರಿಗೂ ಮುದುಕರಿಗೂ ಇದೇ ಲೆಕ್ಕವಾ?"

"ನನ್ನನ್ನು ಮಾಡಿದವರು ಯಾರ ಕಾಲನ್ನೂ ಅಳೆದಿಲ್ಲ ತಮ್ಮಾ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಹಂಚಿದ ಸೈಕಲ್ಲೂ ಒಂದೇ ಗೇರಿನವು. ಕಡತದಲ್ಲಿ ಮೊಣಕಾಲೆಲ್ಲ ಒಂದೇ."

ಬಳ್ಳಾರಿ ಸೀಮೆಯ ಎರೆನೆಲದಲ್ಲಿ ಏರೇ ಇಲ್ಲ, ಗೇರು ಯಾಕೆ ಎಂದು ವರದಿಗಾರ ಕೇಳಿಯೇಬಿಟ್ಟ. ಫ್ರೀವೀಲ್ ಕಟಕಟ ನಕ್ಕಿತು.

"ಕುರುಗೋಡಿನ ಗುಡ್ಡ ನಿಂತಲ್ಲೇ ನಿಂತಿರ್ತದೆ, ಸುತ್ತಿಕೊಂಡು ಹೋಗಬಹುದು. ಆಷಾಢದ ಎದುರುಗಾಳಿ ಸುತ್ತಿಕೊಂಡು ಹೋಗು ನೋಡೋಣ! ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದರ ಮೇಲೆ ಕ್ಯಾರಿಯರಿನಲ್ಲಿ ಮೆಣಸಿನಕಾಯಿ ಚೀಲ. ಸುತ್ತು 60ರಿಂದ 40ಕ್ಕೆ ಇಳೀತದೆ, ಸವಾರ ಸೀಟು ಬಿಟ್ಟು ಎದ್ದು ನಿಲ್ತಾನೆ. ನೋಡಿದವರು ಭಲೇ ಅಂತಾರೆ, ರಾತ್ರಿ ಎಣ್ಣೆ ತಿಕ್ಕೋರು ಮನೆಯವರು."

"21 ಗೇರಿನ ಸೈಕಲ್ ಬಂದಿವೆಯಲ್ಲ?"

"ಬಂದಿವೆ. ಮುಂದೆ ಮೂರು, ಹಿಂದೆ ಏಳು, ಗುಣಿಸಿ 21. ಅದರಲ್ಲಿ ಎಷ್ಟೋ ಒಂದರ ಪಡಿಯಚ್ಚು ಇನ್ನೊಂದು. ಹೋಗಲಿ, ಇರೋದನ್ನಾದರೂ ಬಳಸ್ತಾರಾ? ಹುಡುಗ ಅಂಗಡಿಯಿಂದ ಹೊರಟವನೇ ಎಲ್ಲಕ್ಕಿಂತ ಭಾರದ ಗೇರಿಗೆ ಹಾಕಿದ, ಆಮೇಲೆ ಲಿವರ್ ಮುಟ್ಟಿಲ್ಲ. ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ಆಡಿದರೆ ಮರ್ಯಾದೆ ಹೋಗ್ತದಂತೆ. ಪಂದ್ಯದವರು ನಿಮಿಷಕ್ಕೆ 90 ಸುತ್ತು ತುಳೀತಾರೆ, ಅವರಿಗೆ ಹೋಗದ ಮರ್ಯಾದೆ!"

ಈ ಒಣ ಜಂಬ ಹೊಸದೇನಲ್ಲ. ಟೂರ್ ಡಿ ಫ್ರಾನ್ಸ್ ಹುಟ್ಟುಹಾಕಿದ ಆಂರಿ ದೆಗ್ರಾಂಜ್, ಗೇರು ಬದಲಿಸುವುದು ನಲವತ್ತೈದು ದಾಟಿದವರ ಪಾಡು ಎಂದು ಬರೆದಿದ್ದ. ಅವನ ಪಂದ್ಯದಲ್ಲಿ ಗೇರು ಬದಲಿಸುವ ಡಿರೇಲರ್‌ಗೆ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಇನ್ನೊಂದು ಮಗ್ಗುಲಿನ ಹಲ್ಲಿಗೆ ತಿರುಗಿಸಿಕೊಳ್ಳುತ್ತಿದ್ದರು.

"ಒಂದೇ ಗೇರಿನವರು ಏನು ಮಾಡಬೇಕು ತಾತ?"

"ಉಸಿರು ಕಟ್ಟದೆ ಪಕ್ಕದವರ ಜೊತೆ ಮಾತಾಡ್ತಾ 60, 70 ಸುತ್ತು ತುಳಿಯೋಕಾದರೆ ಗೇರು ಸರಿ ಇದೆ. ಆಗಲಿಲ್ಲವಾ, ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿಕೊಳ್ಳಲಿ. ತುಳಿತಕ್ಕೆ 4.4 ಮೀಟರೇ ಸಾಗ್ತದೆ, ಆದರೆ ಕಾಲಿನ ಭಾರದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಇಳೀತದೆ."

"ಹಾಗಾದರೆ ಈ ಸೈಕಲ್ಲಿನ ಯಜಮಾನರಿಗೆ ಅರವತ್ತೆರಡು. ನಿಮ್ಮ ಜಾಗಕ್ಕೆ 22 ಹಲ್ಲಿನವರನ್ನು ಇವತ್ತೇ ಕೂರಿಸಲು ಹೇಳಲೇ?"

ಕಟಕಟ ನಿಧಾನವಾಯಿತು.

"ಅವಸರ ಬೇಡಪ್ಪ. ಚೈನಿಗೆ ಎರಡು ಕೊಂಡಿ ಸೇರಿಸಬೇಕಾಗ್ತದೆ, ಸುಮ್ಮನೆ ಖರ್ಚು. ಮೊದಲು ಟೈರಿಗೆ ಗಾಳಿ ಹೊಡೆಸಿ ನೋಡಲಿ."