ಗಾಳಿಯೋ ನೀರೋ, ಮೊದಲು ಅದು ತೀರ್ಮಾನವಾಗಲಿ

ಅಮೆರಿಕದ ಫ್ಲೋರಿಡಾ ರಾಜ್ಯ 2024ರಲ್ಲಿ ಹವಾಮಾನ ಬದಲಾವಣೆಯನ್ನು ಬಲು ಅಗ್ಗದಲ್ಲಿ ಬಗೆಹರಿಸಿಕೊಂಡಿತು. ರಾಜ್ಯದ ಕಾಯ್ದೆಗಳಲ್ಲಿ ಆ ಮಾತು ಬಂದ ಕಡೆಗಳಲ್ಲಿ ಬಹುಪಾಲು ಹೊಡೆದುಹಾಕಿದರು. ಗವರ್ನರ್ ರಾನ್ ಡಿಸ್ಯಾಂಟಿಸ್ ಮೇ ತಿಂಗಳಲ್ಲಿ ರುಜು ಹಾಕಿದರು, ಜುಲೈ 1ರಿಂದ ಜಾರಿ. ಕಡಲಲ್ಲಿ ಗಾಳಿಯಂತ್ರ ನೆಡಕೂಡದೆಂದೂ ಅದೇ ಕಾಯ್ದೆಯಲ್ಲಿ ಸೇರಿಸಿದರು. ಯಂತ್ರಕ್ಕೇನೋ ನಿಷೇಧವಾಯಿತು, ಗಾಳಿಗೆ ನೋಟಿಸು ಜಾರಿ ಮಾಡುವುದು ಮರೆತುಹೋಯಿತೇನೋ! ಆಗಸ್ಟ್‌ನಲ್ಲಿ ಡೆಬ್ಬಿ ಚಂಡಮಾರುತ ಬಂತು, ಸೆಪ್ಟೆಂಬರ್ 26ಕ್ಕೆ ಹೆಲೀನ್, ಅಕ್ಟೋಬರ್ 9ಕ್ಕೆ ಮಿಲ್ಟನ್. ಹೆಲೀನ್ ನೆನೆಸಿಹೋದ ಹಾಸಿಗೆ, ಸೋಫಾ, ಫ್ರಿಜ್‌ಗಳು ಇನ್ನೂ ಬೀದಿಬದಿಯಲ್ಲಿ ರಾಶಿ ಬಿದ್ದಿದ್ದವು. ಕಸದ ಲಾರಿಗಿಂತ ಮೊದಲು ಮಿಲ್ಟನ್ ಬಂತು.

ಮೆಕ್ಸಿಕೊ ಕೊಲ್ಲಿಯ ನೀರು ಕಾದಷ್ಟೂ ಚಂಡಮಾರುತಕ್ಕೆ ಕಸುವು ಹೆಚ್ಚು. ಹರಿಕೇನ್ ಎನಿಸಿಕೊಂಡ ಒಂದೇ ದಿನದಲ್ಲಿ ಮಿಲ್ಟನ್ ಐದನೇ ದರ್ಜೆಗೆ ಏರಿದ್ದು ಹಾಗೆ. ದಡ ಮುಟ್ಟುವಾಗ ಮೂರಕ್ಕಿಳಿದಿತ್ತು, ಪುಣ್ಯ. ಇಷ್ಟೊಂದು ತರಾತುರಿಯ ಬಡ್ತಿ ಯಾವ ಸರ್ಕಾರಿ ನೌಕರನಿಗೂ ಸಿಕ್ಕಿದ್ದಿಲ್ಲ.

ಕಾಯ್ದೆಯ ಮಾತನ್ನು ನಂಬದೆ ಉಳಿದವರೆಂದರೆ ವಿಮೆಯವರು. ಅವರಿಗೆ ಸಿದ್ಧಾಂತವಿಲ್ಲ, ಲೆಕ್ಕವಿದೆ. ಮನೆ ವಿಮೆ ಗಾಳಿಯ ಹಾನಿಗೆ ಉಂಟು, ನೆರೆಯ ಹಾನಿಗಿಲ್ಲ. ನೆರೆಗೆ ಬೇರೆಯದೇ ಪಾಲಿಸಿ ಮಾಡಿಸಬೇಕು. 2022ರ ಸೆಪ್ಟೆಂಬರ್ 28ರಂದು ಇಯನ್ ಚಂಡಮಾರುತ ಬಂದಾಗ ಫೋರ್ಟ್ ಮಯರ್ಸ್ ಬೀಚ್‌ನಲ್ಲಿ ಸಮುದ್ರ 10ರಿಂದ 15 ಅಡಿ ಎತ್ತರಕ್ಕೆ ಉಕ್ಕಿ ಒಳನುಗ್ಗಿ, ಎಷ್ಟೋ ಮನೆಗಳ ಜಾಗದಲ್ಲಿ ಬರೀ ಕಾಂಕ್ರೀಟಿನ ನೆಲ ಉಳಿಯಿತು. ಇಂಥ ನೆಲದ ಮೇಲೆ ನಿಂತ ಸರ್ವೇಯರ್ ಸಾಹೇಬರು ಟೇಪು ಹಿಡಿದು ವಿಚಾರಿಸುತ್ತಾರೆ: ಗೋಡೆ ಬಿದ್ದದ್ದು ಗಾಳಿಗೋ, ನೀರಿಗೋ? ಸಾಕ್ಷಿ ಹೇಳಬೇಕಾದ ಗೋಡೆ ಕೊಲ್ಲಿಯ ಪಾಲಾಗಿದೆ. ಗಾಳಿ ಎಂದರೆ, ನೀರು ಎಂದು ಅವರ ವಾದ. ನೀರು ಎಂದರೆ, ನೆರೆ ವಿಮೆ ಎಲ್ಲಿ ಸ್ವಾಮಿ ಎಂಬ ಪ್ರಶ್ನೆ. ಚಂಡಮಾರುತವಾದರೂ ಒಂದು ದಿನದಲ್ಲಿ ಮುಗಿಯುತ್ತದೆ.

ಮನೆ ಮಾರುವವರ ಪಾಡು ಇಷ್ಟು ಕಷ್ಟದ್ದಾಗಿರಲಿಲ್ಲ. ಈ ಮನೆಗೆ ಹಿಂದೆ ನೆರೆ ಪರಿಹಾರ ಕೇಳಿದ್ದೆವು ಎಂದು ಕೊಳ್ಳುವವರಿಗೆ ಬರೆದುಕೊಡಬೇಕೆಂಬ ಕಾಯ್ದೆ ಅಲ್ಲಿ ಜಾರಿಯಾದದ್ದು 2024ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ಹೊಸ ಬಣ್ಣ ಬಳಿದರೆ ಮನೆಯ ಪೂರ್ವಜನ್ಮ ಮರೆತಂತೆಯೇ.

ಖಾಸಗಿ ಕಂಪನಿಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದಾಗ ಮಾಲೀಕರಿಗೆ ಉಳಿದ ಗತಿ ರಾಜ್ಯವೇ ಸ್ಥಾಪಿಸಿದ ಸಿಟಿಜನ್ಸ್ ಎಂಬ ವಿಮಾ ಸಂಸ್ಥೆ. ಖಾಸಗಿ ಬಂಡವಾಳವನ್ನು ಹಾಡಿ ಹೊಗಳುವ ರಾಜ್ಯದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಪಾಲಿಸಿಗಳು ಸರ್ಕಾರದ ಮಡಿಲಿಗೆ ಬಿದ್ದವು. ಇದನ್ನು ಸಮಾಜವಾದ ಎಂದು ಯಾರೂ ಬೈಯಲಿಲ್ಲ. ಕಡಲು ಕಾಣುವ ಕಿಟಕಿ ಇದ್ದವರಿಗೆ ಆ ರಿಯಾಯಿತಿ ಇದೆ. ಸಂಸ್ಥೆಯ ಹಣ ಸಾಲದೆ ಹೋದರೆ ರಾಜ್ಯದ ಉಳಿದ ಪಾಲಿಸಿದಾರರಿಂದ, ಕಾರಿನ ವಿಮೆ ಇರುವವರಿಂದಲೂ, ವಂತಿಗೆ ಎತ್ತಬಹುದು. ಒರ್ಲ್ಯಾಂಡೊದ ಒಳನಾಡಿನ ಬಾಡಿಗೆ ಮನೆಯಲ್ಲಿದ್ದು ಹಳೇ ಕಾರಿನಲ್ಲಿ ಕೆಲಸಕ್ಕೆ ಓಡಾಡುವವನೂ ಬೀಚ್ ಬಂಗಲೆಗೆ ತನ್ನ ಪಾಲು ಹಾಕಬೇಕು. ಕಿಟಕಿ ಮಾತ್ರ ಅವನಿಗಿಲ್ಲ.