ತತ್ಕಾಲ್ ಪ್ರತಿಕಾಯ ಕೋರಿ ಒಂದು ಬಹಿರಂಗ ಅರ್ಜಿ

ಗೆ,
ಮಾನ್ಯ ನಿರ್ದೇಶಕರು,
ರೋಗನಿರೋಧಕ ಇಲಾಖೆ,
ಎಡತೋಳು ಉಪವಿಭಾಗ, ಕಂಕುಳು ವೃತ್ತ,
ನನ್ನ ಮೈಯೊಳಗೆ.

ವಿಷಯ: ಕೀನ್ಯಾ ಪ್ರವಾಸದ ನಿಮಿತ್ತ ಹಳದಿ ಜ್ವರದ ಪ್ರತಿಕಾಯಗಳನ್ನು ತತ್ಕಾಲ್ ಆಧಾರದ ಮೇಲೆ ಮಂಜೂರು ಮಾಡಿಕೊಡುವ ಬಗ್ಗೆ.

ಉಲ್ಲೇಖ: 1. ಕೋವಿಡ್ ಕಾಲದಲ್ಲಿ ವಿದೇಶಕ್ಕೆ ಹೊರಟವರಿಗೆ ಡೋಸುಗಳ ಅಂತರ ಇಳಿಸಿದ ಸರ್ಕಾರಿ ಆದೇಶಗಳು.
2. ನನ್ನ ವಿಮಾನ ಟಿಕೆಟ್ (ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಬರುವ ಶನಿವಾರ ನಾನು ಸಕುಟುಂಬನಾಗಿ ನೈರೋಬಿಗೆ ಹೊರಟಿದ್ದೇನೆ. ಮಾಸಾಯಿ ಮಾರಾದಲ್ಲಿ ವಿಲ್ಡಬೀಸ್ಟ್ ಹಿಂಡುಗಳು ನದಿ ದಾಟುವುದನ್ನೂ, ದಾಟುವಾಗ ಮೊಸಳೆಗಳು ಅವುಗಳನ್ನು ಬರಮಾಡಿಕೊಳ್ಳುವುದನ್ನೂ ಕಣ್ಣಾರೆ ನೋಡಿ ಬರುವ ಕಾರ್ಯಕ್ರಮ. ಸಿದ್ಧತೆಯಲ್ಲಿ ಯಾವ ಲೋಪವೂ ಆಗಿಲ್ಲ. ರಾಹುಕಾಲ ಕಳೆದ ಮೇಲೆಯೇ ಟಿಕೆಟ್ ಬುಕ್ ಮಾಡಿದ್ದೇವೆ. ಖಾಕಿ ಟೋಪಿ, ಬೈನಾಕ್ಯುಲರ್, ಚಟ್ನಿಪುಡಿ, ಗೊಜ್ಜವಲಕ್ಕಿ ಎಲ್ಲವೂ ಸೂಟ್‌ಕೇಸ್ ಸೇರಿವೆ. ಸೂಟ್‌ಕೇಸನ್ನು ಮೂರು ಸಲ ತೂಗಿಯೂ ಆಗಿದೆ. ಶ್ರೀಮತಿ ಮತ್ತು ಮಗಳು ಬೇಸಿಗೆಯಲ್ಲೇ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ನನ್ನದೊಂದು ಬಾಕಿ. ಐದು ನಿಮಿಷದ ಕೆಲಸವಾದ್ದರಿಂದ ಕೊನೆಗೆ ಇಟ್ಟುಕೊಂಡಿದ್ದೆ.

ಸೂಜಿ ಚುಚ್ಚುವುದು ಐದು ನಿಮಿಷದ ಕೆಲಸವೇ, ಅದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆಮೇಲೆ ತಮ್ಮ ಇಲಾಖೆ ತೆಗೆದುಕೊಳ್ಳುವ ಹತ್ತು ದಿನದ ಬಗ್ಗೆ ನನ್ನ ತಕರಾರು. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ, ಲಸಿಕೆ ನಮೂದಿಸುವ ಹಳದಿ ಪುಸ್ತಕದ ಪ್ರಮಾಣಪತ್ರಕ್ಕೆ ಜೀವ ಬರುತ್ತದೆಂದು ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಹೇಳುತ್ತವಂತೆ. ಶನಿವಾರಕ್ಕೆ ಅಷ್ಟು ದಿನ ಉಳಿದಿಲ್ಲ. ಇದಕ್ಕೆ ಯಾರು ಹೊಣೆ?

ಪಾಸ್‌ಪೋರ್ಟ್ ಇಲಾಖೆಯಲ್ಲಿ ತತ್ಕಾಲ್ ಇದೆ, ರೈಲ್ವೆಯಲ್ಲಿ ತತ್ಕಾಲ್ ಇದೆ. ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ನಮ್ಮ ರಾಜ್ಯದಲ್ಲಿ ಸಕಾಲ ಕಾಯ್ದೆಯೇ ಬಂದಿದೆ. ಇಂಥ ಯುಗದಲ್ಲಿ ತಾವೊಬ್ಬರು ಮಾತ್ರ ಹೆಚ್ಚುವರಿ ಶುಲ್ಕ ತೆಗೆದುಕೊಳ್ಳುವುದಿಲ್ಲ, ಶಾಸಕರ ಶಿಫಾರಸು ಪತ್ರ ಓದುವುದಿಲ್ಲ, ಟೇಬಲ್ಲಿನ ಕೆಳಗೆ ಕೈ ಚಾಚುವುದಿಲ್ಲ. ಇದು ಯಾವ ಸೀಮೆಯ ಆಡಳಿತ ಸ್ವಾಮಿ?

ತಮ್ಮ ಕಾರ್ಯವೈಖರಿಯನ್ನು ವಿಚಾರಿಸಿ ತಿಳಿದುಕೊಂಡಿದ್ದೇನೆ. ತೋಳಿಗೆ ಬಿದ್ದ ಲಸಿಕೆಯನ್ನು ಟಪಾಲು ಶಾಖೆಯವರು ಮೊದಲು ಕಂಕುಳಿನ ದುಗ್ಧಗ್ರಂಥಿಗೆ ಹೊತ್ತೊಯ್ಯುತ್ತಾರೆ. ಅಲ್ಲಿ ಲಕ್ಷಾಂತರ ಬಿ ಜೀವಕೋಶಗಳ ಪೈಕಿ ಈ ವೈರಸ್ಸಿನ ಮುಖಕ್ಕೆ ಹೊಂದುವ ವಿಷಯ ನಿರ್ವಾಹಕರನ್ನು ಹುಡುಕಬೇಕು. ಸಿಕ್ಕ ಮೇಲೆ ಅವರು ಒಬ್ಬರು ಇಬ್ಬರಾಗಿ, ಇಬ್ಬರು ನಾಲ್ವರಾಗಿ ಬೆಳೆಯಬೇಕು. ಟಿ ಜೀವಕೋಶಗಳು ಕಡತಕ್ಕೆ ಸಹಿ ಹಾಕಬೇಕು. ಆಮೇಲೆ ಪ್ರತಿಕಾಯದ ಮೊದಲ ಕಂತು, ಅದನ್ನು ತಿದ್ದಿ ತೀಡಿದ ಎರಡನೇ ಕಂತು. ಹತ್ತನೇ ದಿನಕ್ಕೆ ಚುಚ್ಚಿಸಿಕೊಂಡವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ರಕ್ಷಣೆ ಸಿಕ್ಕಿರುತ್ತದೆ, ಮೂವತ್ತನೇ ದಿನಕ್ಕೆ ಶೇ. 99 ದಾಟುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹತ್ತು ದಿನ ಎಂಬುದು ತಾವು ಕೊಟ್ಟ ರಿಯಾಯಿತಿಯೇ, ನಿಜವಾದ ಗಡುವು ಒಂದು ತಿಂಗಳು! ಕೇಳಿ ನನ್ನ ಎದೆ ಧಸಕ್ಕೆಂದಿತು.

ಅರ್ಜಿಯಾದರೂ ಸಾಮಾನ್ಯದ್ದೇ? 1930ರ ದಶಕದಲ್ಲಿ ಮ್ಯಾಕ್ಸ್ ಟೈಲರ್ ಎಂಬ ವಿಜ್ಞಾನಿ ಹಳದಿ ಜ್ವರದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಪಳಗಿಸಿ, 17ಡಿ ಎಂಬ ಸಾಧು ತಳಿ ತೆಗೆದು, ಅದಕ್ಕಾಗಿ 1951ರಲ್ಲಿ ನೊಬೆಲ್ ಪಡೆದರು. ಇಂದಿಗೂ ಬಳಕೆಯಲ್ಲಿರುವುದು ಅದರದೇ ಸಂತತಿ. ಸತ್ತ ವೈರಸ್ಸಲ್ಲ, ಜೀವಂತ ವೈರಸ್. ನೊಬೆಲ್ ಪುರಸ್ಕೃತ ಅರ್ಜಿಯೊಂದು ಜೀವ ಸಮೇತ ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರೂ ಹತ್ತು ದಿನ ಬೆಂಚಿನ ಮೇಲೆ ಕೂರಿಸುತ್ತೀರಲ್ಲ!

ಲಸಿಕಾ ಕೇಂದ್ರಕ್ಕೂ ಹೋಗಿ ಬಂದೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಷ್ಟೇ ಇದು ಸಿಗುತ್ತದೆ, ಅದೂ ಗೊತ್ತಾದ ದಿನಗಳಲ್ಲಿ. ಪುಡಿಯ ಸೀಸೆಗೆ ದ್ರಾವಣ ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅದಕ್ಕೇ ಜನ ಕೂಡುವವರೆಗೆ ಸೀಸೆ ತೆರೆಯುವುದಿಲ್ಲ. ನಾನು ಹೋದಾಗ ಸಿಸ್ಟರ್ ಒಬ್ಬರು ಸೀಸೆಯನ್ನು ಕುಲುಕದೆ, ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದರು. ಚುಚ್ಚಿಯಾದ ಮೇಲೆ ಹಳದಿ ಪುಸ್ತಕ ತೆರೆದು, ಪಾಸ್‌ಪೋರ್ಟ್ ಸಂಖ್ಯೆ ತಾಳೆ ನೋಡಿ, ಬ್ಯಾಚ್ ನಂಬರ್ ಬರೆದು, ಗೋಡೆಯ ಕ್ಯಾಲೆಂಡರಿನ ಮನೆಗಳ ಮೇಲೆ ಪೆನ್ನಿನ ತುದಿ ಓಡಿಸಿ ಹತ್ತು ಎಣಿಸಿ, ಆ ತಾರೀಖು ನಮೂದಿಸಿ ಮೊಹರು ಒತ್ತುತ್ತಿದ್ದರು. ನನಗೆ ಸಿಕ್ಕಿದ್ದು ಮಂಗಳವಾರದ ಟೋಕನ್.

"ಸಿಸ್ಟರ್, ಮಂಗಳವಾರ ಚುಚ್ಚಿ, ಡೇಟ್ ಮಾತ್ರ ಒಂದು ವಾರ ಹಿಂದಕ್ಕೆ ಹಾಕ್ಕೊಟ್ಬಿಡಿ" ಎಂದು ಪಿಸುಗುಟ್ಟಿದೆ.

ಅವರು ತಲೆ ಎತ್ತದೆಯೇ ಹೇಳಿದರು: "ಪುಸ್ತಕದಲ್ಲಿ ಹಿಂದಕ್ಕೆ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ ಸಾರ್. ಹೋಗ್ಲಿ ಅನ್ನಿ, ನಿಮ್ಮ ಮೈಯೊಳಗಿನ ಡೇಟ್ ಯಾರು ಹಿಂದಕ್ಕೆ ಹಾಕ್ತಾರೆ?"

ಆ ಪ್ರಶ್ನೆಯಿಂದಲೇ ಈ ಅರ್ಜಿಯನ್ನು ನೇರ ತಮಗೆ ಬರೆಯುವ ಯೋಚನೆ ಹೊಳೆಯಿತು.

ನನ್ನ ಷಡ್ಡಕ ಬೇರೆಯೇ ದಾರಿ ಹೇಳಿಕೊಟ್ಟ. ಅವನ ಪ್ರಕಾರ ಭಾರತದಿಂದ ನೇರ ಹೋಗುವವರನ್ನು ಕೀನ್ಯಾದವರು ಈ ಪುಸ್ತಕ ಕೇಳುವುದಿಲ್ಲ, ಏಕೆಂದರೆ ನಮ್ಮಲ್ಲಿ ಹಳದಿ ಜ್ವರವಿಲ್ಲ. ಕೇಳುವವರು ನಮ್ಮವರೇ, ವಾಪಸ್ ಬಂದಾಗ, ದೇವನಹಳ್ಳಿಯಲ್ಲಿ. ಕಾರಣವೂ ಸಣ್ಣದಲ್ಲ. ಡೆಂಗಿ ಹಂಚುವ ಈಡಿಸ್ ಈಜಿಪ್ಟೈ ಸೊಳ್ಳೆಯೇ ಹಳದಿ ಜ್ವರವನ್ನೂ ಹಂಚುತ್ತದೆ, ಮತ್ತು ಅದು ನಮ್ಮ ಬೀದಿಯ ಹೂಕುಂಡದ ತಟ್ಟೆಗಳಲ್ಲಿ ಆಗಲೇ ಸಂಸಾರ ಹೂಡಿದೆ. ವೈರಸ್ ಒಂದು ಆಮದಾದರೆ ಸಾಕು. 2016ರಲ್ಲಿ ಅಂಗೋಲಾಕ್ಕೆ ಹೋಗಿದ್ದ 11 ಮಂದಿ ಚೀನಾಕ್ಕೆ ಈ ಜ್ವರವನ್ನು ಹೊತ್ತು ಮರಳಿದ್ದರು. ಅದಕ್ಕೇ ಪುಸ್ತಕವಿಲ್ಲದೆ ಬಂದವರನ್ನು ನಮ್ಮಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಸೊಳ್ಳೆ ಕಚ್ಚಿ ಕಾಯಿಲೆ ತಲೆ ಎತ್ತಲು ಹಿಡಿಯುವ ಕಾಲ ಮೂರರಿಂದ ಆರು ದಿನ.

"ನೋಡು ಭಾವ, ಮಂಗಳವಾರ ಚುಚ್ಚಿಸ್ಕೋ, ಶನಿವಾರ ಹೊರಡು, ವಾರ ಬಿಟ್ಟು ವಾಪಸ್ ಬರೋ ಹೊತ್ತಿಗೆ ಹತ್ತು ದಿನ ಕಳೆದಿರುತ್ತೆ. ಪುಸ್ತಕ ಪಕ್ಕಾ!" ಎಂದ ಷಡ್ಡಕ. ಅವನು ಲೆಕ್ಕ ಪರಿಶೋಧಕ. ಕೌಂಟರಿನ ಮಟ್ಟಿಗೆ ಅವನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮಾರಾ ನದಿಯ ದಂಡೆಯ ಮೇಲೆ ನಾನು ತೋಳಿಲ್ಲದ ಬನಿಯನ್ನಿನಲ್ಲಿ ನಿಂತಿರುವಾಗ ತಮ್ಮ ಕಚೇರಿಯಲ್ಲಿ ಕಡತ ಇನ್ನೂ ಟಿಪ್ಪಣಿಯ ಹಂತದಲ್ಲೇ ಇರುತ್ತದಲ್ಲ? ಅಲ್ಲಿಯ ಸೊಳ್ಳೆ ಪುಸ್ತಕ ಓದಿ ಕಚ್ಚುತ್ತದೆಯೇ? ಊರಿಗೆ ಮರಳಿದಾಗ ನನ್ನಿಂದ ಬೆಂಗಳೂರನ್ನು ಕಾಪಾಡುವ ಕಾಗದ ನನ್ನ ಬಳಿ ಇರುತ್ತದೆ, ಆ ಸೊಳ್ಳೆಯಿಂದ ನನ್ನನ್ನು ಕಾಪಾಡುವ ಪ್ರತಿಕಾಯ ಮಾತ್ರ ದಾರಿಯಲ್ಲಿರುತ್ತದೆ. ಇದನ್ನು ಷಡ್ಡಕನಿಗೆ ಹೇಳಿದರೆ, "ಓಡೋಮಸ್ ಹಚ್ಕೋ" ಎಂದ.

ಇನ್ನು ನಮ್ಮ ಮಾವನವರ ವಿಷಯದಲ್ಲಿ ತಾವು ತೋರಿದ ಪಕ್ಷಪಾತ. ಅವರೂ ನಮ್ಮ ಜೊತೆ ಬರುತ್ತಿದ್ದಾರೆ. ದಾರ್ ಎಸ್ ಸಲಾಮ್‌ನಲ್ಲಿ ನೌಕರಿಯಲ್ಲಿದ್ದಾಗ ಹಾಕಿಸಿಕೊಂಡ ಲಸಿಕೆಯ ಪುಸ್ತಕ ಬೀರುವಿನ ಲಾಕರಿನಲ್ಲಿ ಒಡವೆಗಳ ಜೊತೆ ಕೂತಿತ್ತು. ಅದರಲ್ಲಿ ಹತ್ತು ವರ್ಷದ ಅವಧಿ ನಮೂದಾಗಿ, ಅದು ಮುಗಿದು ಯಾವ ಕಾಲವಾಯಿತೋ. ಬೂಸ್ಟರ್ ಬೇಕೇ ಬೇಕು ಎಂದು ಟ್ರಾವೆಲ್ ಏಜೆಂಟ್ ಪಟ್ಟು ಹಿಡಿದ. ಬೇಡವಂತೆ! 2016ರ ಜುಲೈ 11ರಿಂದ ನಿಯಮವೇ ಬದಲಾಗಿ, ಹಳೆಯ ಪುಸ್ತಕಗಳೂ ಸೇರಿದಂತೆ ಎಲ್ಲವೂ ಆಜೀವ ಊರ್ಜಿತ. ತಮ್ಮ ಅಸ್ಥಿಮಜ್ಜೆಯ ದಾಖಲೆ ಕೊಠಡಿಯಲ್ಲಿ ಆ ಕಡತ ದಶಕಗಳ ಕಾಲ ಗೆದ್ದಲು ಹಿಡಿಯದೆ ಉಳಿದಿರುವುದನ್ನು ವಿಜ್ಞಾನಿಗಳು ನೋಡಿಯೇ ಹೀಗೆ ಮಾಡಿದರಂತೆ. ಬ್ಯಾಂಕಿಗೆ ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೇನೆಂದು ಸಾಬೀತು ಮಾಡುವ ಪಿಂಚಣಿದಾರರು ಮಾವನವರು. ಒಂದೇ ಸಲ ಕೊಟ್ಟು ಬದುಕಿರುವವರೆಗೂ ನಂಬುವ ಇಲಾಖೆಯೊಂದು ಇದೆ ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಅರವತ್ತು ದಾಟಿದ ಮೇಲೆ ಈ ಲಸಿಕೆಯನ್ನು ಮೊದಲ ಸಲ ಹಾಕಿಸಿಕೊಳ್ಳುವವರನ್ನು ವೈದ್ಯರು ಎರಡು ಸಲ ಯೋಚಿಸಿ ಕೂರಿಸುತ್ತಾರೆ, ಅಡ್ಡಪರಿಣಾಮದ ಅಪಾಯ ಆ ವಯಸ್ಸಿನಲ್ಲಿ ಹೆಚ್ಚು. ಬೇಡದ ಬೂಸ್ಟರಿನಿಂದ ಮಾವನವರು ಪಾರಾದರು, ಏಜೆಂಟ್ ಸಪ್ಪಗಾದ.

ತಾವು ಪೂರ್ವನಿದರ್ಶನ ಕೇಳಬಹುದು. ಉಲ್ಲೇಖ 1ನ್ನು ಗಮನಿಸಬೇಕು. 2021ರಲ್ಲಿ ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವೆ 84 ದಿನ ಕಾಯಿರಿ ಎಂದಿದ್ದ ಸರ್ಕಾರ, ವಿದೇಶಕ್ಕೆ ಓದಲು, ದುಡಿಯಲು, ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವವರಿಗೆ 28 ದಿನ ಸಾಕು ಎಂದಿತು. ಮೂರನೆಯದಾದ ಮುನ್ನೆಚ್ಚರಿಕೆ ಡೋಸಿಗೆ ಒಂಬತ್ತು ತಿಂಗಳು ಎಂದಿದ್ದವರು, 2022ರ ಮೇ ತಿಂಗಳಲ್ಲಿ ಹೋಗುವ ದೇಶ ಕೇಳಿದರೆ ಮೊದಲೇ ಹಾಕಿಸಿಕೊಳ್ಳಿ ಎಂದರು. ತುಮಕೂರಿಗೆ ಹೋಗುವವನ ತೋಳು ಕಾಯಬೇಕು, ಟೊರಾಂಟೊಗೆ ಹೋಗುವವನ ತೋಳು ಕಾಯಬೇಕಿಲ್ಲ. ವೀಸಾ ನೋಡಿ ಇಲಾಖೆ ಚುರುಕಾಗುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅಂತರ ಇಳಿಸಿದ್ದು ಸರ್ಕಾರವೇ ಹೊರತು ತಾವಲ್ಲ, ಕೋವಿಶೀಲ್ಡ್‌ನಲ್ಲಂತೂ ಅಂತರ ಹೆಚ್ಚಿದಷ್ಟೂ ತಮ್ಮ ಕೆಲಸ ಚೊಕ್ಕವಾಗಿತ್ತು ಎಂದು ಯಾರೋ ಕೊಂಕು ತೆಗೆದರು. ಅಂಥವರ ಮಾತಿಗೆ ತಾವು ಕಿವಿಗೊಡಬಾರದು. ಅದೇ ಕಾಲದ ಇನ್ನೊಂದು ತಮಾಷೆ ಕೇಳಿ. ನಮ್ಮವರು ಒಂಬತ್ತು ತಿಂಗಳೆಂದರೆ 39 ವಾರ ಎಂದು ಲೆಕ್ಕ ಹಾಕಿದ್ದರು, ಅಂದರೆ 273 ದಿನ. ಅತ್ತ ಐರೋಪ್ಯ ಒಕ್ಕೂಟದವರು ಎರಡನೇ ಡೋಸಿನ ಪ್ರಮಾಣಪತ್ರಕ್ಕೆ 270 ದಿನದ ಆಯಸ್ಸು ಕೊಟ್ಟಿದ್ದರು. ಹಳೆಯ ಕಾಗದ ಸತ್ತು, ಹೊಸ ಡೋಸಿಗೆ ಅರ್ಹತೆ ಬಾರದ ಆ ಮೂರು ದಿನ ನಮ್ಮ ಪ್ರಯಾಣಿಕ ಕಾಗದದ ಮೇಲೆ ತ್ರಿಶಂಕು. ಆ ಮೂರು ದಿನವೂ ತಮ್ಮ ಇಲಾಖೆ ಎಂದಿನಂತೆ ಹಾಜರಾತಿ ಹಾಕಿ ಕೆಲಸ ಮಾಡುತ್ತಿತ್ತೆಂದು ಕೇಳಿದ್ದೇನೆ. ಆದರೆ ಕೌಂಟರಿನಲ್ಲಿ ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ?

ನಾನೊಬ್ಬನೇ ನೊಂದವನಲ್ಲ. ಹಜ್‌ಗೆ ಹೋಗುವವರು ಮೆನಿಂಜೈಟಿಸ್ ಲಸಿಕೆಯನ್ನು ಸೌದಿ ನೆಲ ಮುಟ್ಟುವ ಹತ್ತು ದಿನ ಮೊದಲು ಮುಗಿಸಬೇಕು. ಪೋಲಿಯೋ ಇರುವ ದೇಶಗಳಿಗೆ ಹೊರಟವರು, ಮೀಸೆ ನರೆತವರಾದರೂ, ನಾಲ್ಕು ವಾರ ಮೊದಲು ಬಾಯಿ ತೆರೆದು ಪೋಲಿಯೋ ಹನಿ ಕುಡಿಯಬೇಕು, ಅದೂ ಒಂದೇ ವರ್ಷಕ್ಕೆ ಊರ್ಜಿತ. ಜೀವಂತ ಲಸಿಕೆಯ ಎರಡು ಚುಚ್ಚುಮದ್ದು ಬೇಕಾದವರು ಒಂದೇ ದಿನ ಹಾಕಿಸಿಕೊಳ್ಳಬೇಕು, ತಪ್ಪಿದರೆ ನಾಲ್ಕು ವಾರ ಬಿಡಬೇಕು. ಎಲ್ಲ ಕಡೆಯೂ ತಮ್ಮದೇ ಪಂಚಾಂಗ, ತಮ್ಮದೇ ಮುಹೂರ್ತ.

ಆದ ಕಾರಣ ತಾವು ದಯಮಾಡಿ ನನ್ನ ಕಡತವನ್ನು ಶುಕ್ರವಾರ ಸಂಜೆ ಐದೂವರೆಯೊಳಗೆ ವಿಲೇವಾರಿ ಮಾಡಿ, ಸಾಕಷ್ಟು ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಅದು ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ನಾನು ಮೇಲ್ಮನವಿ ಹೋಗುವವನೇ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಅಡಕಗಳು: ಮಂಗಳವಾರದ ಟೋಕನ್, ಟಿಕೆಟ್‌ನ ಜೆರಾಕ್ಸ್ ಪ್ರತಿ, ಖಾಕಿ ಟೋಪಿ ಹಾಕಿಕೊಂಡ ಭಾವಚಿತ್ರ.

ಹಿಂಬರಹ

ಅರ್ಜಿದಾರರ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಅರ್ಜಿಯೊಂದಿಗೆ ಟೋಕನ್, ಟಿಕೆಟ್ ಮತ್ತು ಟೋಪಿಯ ಭಾವಚಿತ್ರ ಮಾತ್ರ ಇದ್ದು, ಲಸಿಕೆಯನ್ನು ಲಗತ್ತಿಸಿರುವುದಿಲ್ಲ. ಟೋಕನ್ ಆಧಾರದ ಮೇಲೆ ಪ್ರತಿಕಾಯ ತಯಾರಿಸಲು ಈ ಇಲಾಖೆಯ ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಲಸಿಕೆ ಸ್ವೀಕೃತವಾದ ದಿನದಿಂದ ಕೆಲಸ ಆರಂಭಿಸಲಾಗುವುದು. ರಜೆ ಇರುವುದಿಲ್ಲ.