ನೀರಿಗೆ ದಾರಿ ಗೊತ್ತು ಸಾರ್

ಕೊಯಮತ್ತೂರಿನ ಮೇಸ್ತ್ರಿಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಲು ಕಷ್ಟ. ಬೇರೆ ಊರಿನಲ್ಲಾದರೆ ಮೇಸ್ತ್ರಿ ಎದುರು ಮಾತಾಡುತ್ತಾನೆ, ಜಗಳಕ್ಕೆ ಒಂದು ಕೊನೆ ಸಿಕ್ಕುತ್ತದೆ. ಕೊಂಗುನಾಡಿನವನು ಹಾಗಲ್ಲ. ಪ್ರತಿ ಮಾತಿನ ಬಾಲಕ್ಕೂ ಒಂದು ‘ಉಂಗ’ ಸೇರಿಸಿ, ಹೆಗಲ ಟವೆಲ್ಲನ್ನು ಕೈಗಿಳಿಸಿ, ‘ಒಣ್ಣುಂ ಆಗಾದುಂಗ’ ಎಂದುಬಿಡುತ್ತಾನೆ. ಏನೂ ಆಗುವುದಿಲ್ಲವಂತೆ. ಅಷ್ಟು ಮರ್ಯಾದೆಯಿಂದ ಹೇಳಿದ ಮೇಲೆ, ಹರಡು ಮುಳುಗುವ ನೀರಿನಲ್ಲಿ ನಿಂತು ‘ಆಗಿದೆಯಪ್ಪಾ’ ಎಂದು ವಾದಿಸುವುದು ನಮ್ಮದೇ ಒರಟುತನ ಅನ್ನಿಸುತ್ತದೆ.

ಇವನನ್ನು ನೀವೂ ಬಲ್ಲಿರಿ. ದಿಂಬಂ ಘಟ್ಟ ಹತ್ತಿ ಚಾಮರಾಜನಗರಕ್ಕೆ ಬಂದರೂ ಸಿಗುತ್ತಾನೆ, ‘ಉಂಗ’ ಒಂದಿರುವುದಿಲ್ಲ ಅಷ್ಟೆ. ಕಿವಿಯ ಮೇಲೊಂದು ಪೆನ್ಸಿಲ್. ಅದರಿಂದ ಬರೆದದ್ದನ್ನು ಕಂಡವರಿಲ್ಲ. ಪ್ಲಾನಿನ ಹಾಳೆ ಟಿಫಿನ್ ಡಬ್ಬಿಯ ಕೆಳಗೆ. ಫೋನ್ ಮಾಡಿದರೆ ‘ಸೈಟಲ್ಲೇ ಇದೀನಿ ಸಾರ್’ ಎನ್ನುತ್ತಾನೆ, ಹಿನ್ನೆಲೆಯಲ್ಲಿ ಬಸ್ ಕಂಡಕ್ಟರ್ ‘ಗಾಂಧಿಪುರಂ, ಗಾಂಧಿಪುರಂ’ ಎಂದು ಕೂಗುತ್ತಿರುತ್ತಾನೆ.

ನನ್ನ ಹೆಂಡತಿಯ ತವರು ರಾಜವೀದಿಯ ದೇವಾಂಗರ ಮನೆ. ಅಲ್ಲಿ ಮಗ್ಗ ನಿಂತು ಎಷ್ಟೋ ಕಾಲವಾಯಿತು, ಕನ್ನಡ ಮಾತ್ರ ನಿಂತಿಲ್ಲ. ನಿವೃತ್ತಿಯಾದ ಮೇಲೆ ಕೊಯಮತ್ತೂರಿಗೆ ಬಂದದ್ದು, ವಡವಳ್ಳಿಯಲ್ಲಿ ಸೈಟು ಕೊಂಡದ್ದು, ಈ ಮೇಸ್ತ್ರಿ ಗೊತ್ತಾದದ್ದು ಎಲ್ಲ ಅವಳ ಅಣ್ಣನ ಕಡೆಯಿಂದ. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮದುವೆಯಾದವರಿಗೆ ತಿಳಿಯುತ್ತದೆ.

ಗೃಹಪ್ರವೇಶದ ದಿನ ಹಾಲು ಪೂರ್ವಕ್ಕೆ ಉಕ್ಕಿ ಸುರಿಯಿತು. ಎಲ್ಲರಿಗೂ ಸಂತೋಷ. ಮಾರನೆಯ ಬೆಳಿಗ್ಗೆ ನಾನು ಹೊಸ ಬಚ್ಚಲಿನಲ್ಲಿ ಮೊದಲ ಸ್ನಾನ ಮಾಡಿದೆ. ಅದೂ ಪೂರ್ವಕ್ಕೇ ಹರಿಯಿತು. ಪೂರ್ವದಲ್ಲಿದ್ದದ್ದು ಬಾಗಿಲು, ಬಾಗಿಲಿನಾಚೆ ಹಾಲು, ಹಾಲಿನಲ್ಲಿ ಇನ್ನೂ ಎದ್ದಿರದ ನೆಂಟರು. ಊರಿನವರೆಲ್ಲ ಹೊಗಳುವ ಸಿಹಿಯಾದ ಸಿರುವಾಣಿ ನೀರಿನಲ್ಲಿ ನನ್ನ ಷಡ್ಡಕರ ಜಮಖಾನೆ ತೇಲಿತು. ನೀರು ಹೋಗಬೇಕಾದ ಜಾಲರಿ ಪಶ್ಚಿಮದ ಮೂಲೆಯಲ್ಲಿ ಒಣಗಿ ಕೂತಿತ್ತು.

ಮೇಸ್ತ್ರಿ ಬಂದರು, ನೋಡಿದರು. ಒಂದು ಚೊಂಬು ನೀರು ಸುರಿದರು. ನೀರು ಒಂದು ಗಳಿಗೆ ಯೋಚಿಸಿ ಬಾಗಿಲಿನ ಕಡೆ ಹೊರಟಿತು. ‘ಹೊಸ ಟೈಲ್ಸ್ ಅಲ್ವಾ ಸಾರ್, ಅಭ್ಯಾಸ ಆಗಬೇಕು. ನೀರಿಗೆ ದಾರಿ ಗೊತ್ತು’ ಎಂದರು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ ಎಂದು ಮಕ್ಕಳ ತಲೆಗೆ ತುಂಬಿದವನು. ನಮ್ಮ ನೀರು ಕಂಡುಕೊಂಡಿತ್ತು, ಸೋಫಾದ ಕೆಳಗೆ.

ಒತ್ತಾಯ ಮಾಡಿದ ಮೇಲೆ ನಿಜ ಹೊರಬಿತ್ತು. ವಾಸ್ತುವಿನ ಪ್ರಕಾರ ನೀರು ಈಶಾನ್ಯಕ್ಕೆ ಹರಿದರೆ ಲಕ್ಷ್ಮಿ ಬರುತ್ತಾಳೆ; ಸೆಪ್ಟಿಕ್ ಟ್ಯಾಂಕು ಮಾತ್ರ ವಾಯುವ್ಯದಲ್ಲಿರಬೇಕು. ಮೇಸ್ತ್ರಿ ಎರಡಕ್ಕೂ ದ್ರೋಹ ಬಗೆದಿರಲಿಲ್ಲ. ಪೈಪನ್ನು ಟ್ಯಾಂಕಿನ ಕಡೆಗೂ ನೆಲದ ವಾಟವನ್ನು ಲಕ್ಷ್ಮಿಯ ಕಡೆಗೂ ಕೊಟ್ಟಿದ್ದರು.

ರಸಮಟ್ಟ ಇಟ್ಟು ನೋಡಿರಲಿಲ್ಲವೇ ಎಂದು ಕೇಳಿದ್ದಕ್ಕೆ ಅವರ ಮುಖ ಸಣ್ಣದಾಯಿತು. ಮರುದಿನ ತಂದರು. ಆ ರಸಮಟ್ಟದ ಮೈತುಂಬ ವಿಭೂತಿ, ಚಂದನ, ಕುಂಕುಮ. ಪ್ರತಿ ಆಯುಧಪೂಜೆಗೂ ಶ್ರದ್ಧೆಯಿಂದ ಬಳಿದದ್ದು ಪದರುಪದರಾಗಿ ಗಟ್ಟಿಯಾಗಿ, ಗಾಜಿನ ಕೊಳವೆ ಮುಚ್ಚಿಹೋಗಿತ್ತು. ಒಳಗೆ ಗುಳ್ಳೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ನಾನು ಉಗುರಿನಲ್ಲಿ ಕೆರೆಯಲು ಹೋದೆ. ‘ಅಯ್ಯೋ, ಬೇಡ ಸಾರ್’ ಎಂದು ಕಸಿದುಕೊಂಡು ಕಣ್ಣಿಗೊತ್ತಿಕೊಂಡರು. ಹೆಂಡತಿ ನನ್ನನ್ನು ಒಳಗೆ ಕರೆದು, ‘ರೀ, ಪೂಜೆಯ ಸಾಮಾನು ಮುಟ್ಟುವುದಕ್ಕೆ ನಿಮಗೇನು ಬಂದಿತ್ತು?’ ಎಂದಳು. ಅವಳನ್ನು ಮೇಸ್ತ್ರಿ ‘ಅಕ್ಕಾ’ ಎನ್ನುತ್ತಿದ್ದರು. ಆ ದಿನದಿಂದ ಅವಳು ಅವರ ಪಕ್ಷ.

ಅಲ್ಲಿಂದ ದೋಷಾರೋಪಣೆಯ ಪರ್ವ. ಮೇಸ್ತ್ರಿ ಟೈಲ್ಸಿನವನನ್ನು ತೋರಿಸಿದರು, ಟೈಲ್ಸಿನವನು ಪ್ಲಂಬರನ್ನು, ಪ್ಲಂಬರ್ ಟೈಲ್ಸ್ ಆರಿಸಿದ ನನ್ನನ್ನು. ವಕೀಲನಾಗಿರುವ ತಂಗಿಯ ಮಗ ಬೆಂಗಳೂರಿನಿಂದ, ‘2016ರ ರೇರಾ ಕಾಯ್ದೆಯಲ್ಲಿ ಐದು ವರ್ಷ ರಿಪೇರಿಯ ಹೊಣೆ ಇದೆ ಮಾವ’ ಎಂದು ಧೈರ್ಯ ಹೇಳಿದ. ಆಮೇಲೆ ಅವನೇ ಫೋನ್ ಮಾಡಿ, ಅದು ಬಿಲ್ಡರಿಂದ ಮನೆ ಕೊಂಡವರಿಗೆ, ಸ್ವಂತ ಸೈಟಿನಲ್ಲಿ ಮೇಸ್ತ್ರಿ ಹಿಡಿದು ಕಟ್ಟಿಸಿದವರಿಗಲ್ಲ ಎಂದ.

ಸರಿಯಾದ ವಿವರಣೆ ಕೊಟ್ಟವನೆಂದರೆ ತಿರುಪ್ಪೂರಿನ ಸಹಾಯಕ ಹುಡುಗ. ಅವನ ಅಪ್ಪ ಅಲ್ಲಿ ಡೈಯಿಂಗ್ ಘಟಕದಲ್ಲಿದ್ದವನು. ಬಣ್ಣದ ನೀರು ನೊಯ್ಯಲ್ ನದಿಗೆ ಸೇರಿ ಒರತ್ತುಪಾಳಯಂ ಅಣೆಕಟ್ಟಿನವರೆಗೂ ಹೊಲಗಳು ಹಾಳಾದ ಮೇಲೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಆ ಘಟಕಗಳನ್ನೆಲ್ಲ ಮುಚ್ಚಿಸಿತು. ಒಂದು ಹನಿ ಕೊಳೆನೀರನ್ನೂ ಹೊರಬಿಡದ ಏರ್ಪಾಡು ಆಗುವ ತನಕ ತೆರೆಯುವಂತಿಲ್ಲ. ‘ಅದಕ್ಕೆ ಅಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ಮೆಷಿನ್ ಹಾಕಿದ್ದಾರೆ ಸಾರ್,’ ಎಂದ ಹುಡುಗ ನಮ್ಮ ಬಚ್ಚಲನ್ನು ನೋಡುತ್ತ. ‘ಇಲ್ಲಿ ಮೆಷಿನ್ನೇ ಇಲ್ಲದೆ ಒಂದು ಹನಿ ಹೊರಗೆ ಹೋಗ್ತಿಲ್ಲ.’

ವಾಸನೆ ಬೇರೆ ಶುರುವಾಯಿತು. ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ಎರಡು ಇಂಚು ನೀರು ಸದಾ ನಿಂತಿರಬೇಕು, ಅದೇ ಸೆಪ್ಟಿಕ್ ಟ್ಯಾಂಕಿನ ಗಾಳಿಗೆ ತಡೆ. ಇಡೀ ಮನೆಯಲ್ಲಿ ನೀರು ನಿಲ್ಲಲೇಬೇಕಾದ ಜಾಗ ಅದೊಂದೇ. ಅಲ್ಲಿ ಮಾತ್ರ ನಿಲ್ಲಲಿಲ್ಲ, ಯಾಕೆಂದರೆ ತಲುಪಿದರೆ ತಾನೆ? ಮಳೆನೀರು ಕೊಯ್ಲಿನ ಗುಂಡಿಯ ಕಥೆಯೂ ಅಷ್ಟೆ. ತಮಿಳುನಾಡಿನಲ್ಲಿ 2003ರಿಂದ ಅದು ಕಡ್ಡಾಯ. ಮೇಸ್ತ್ರಿ ಚೊಕ್ಕವಾಗಿಯೇ ಮಾಡಿದ್ದರು, ಸೈಟಿನ ಅತಿ ಎತ್ತರದ ಮೂಲೆಯಲ್ಲಿ. ಐಪ್ಪಸಿ ತಿಂಗಳ ಹಿಂಗಾರು ಹೊಯ್ದಾಗ ಅಂಗಳವೆಲ್ಲ ಕೆರೆ, ಗುಂಡಿಯೊಂದು ದ್ವೀಪ.

ಆ ಮಳೆ ನಿಂತ ಸಂಜೆ ಮೇಸ್ತ್ರಿ ವರಾಂಡದಲ್ಲಿ ಕೂತು ಬೋಂಡ ತಿನ್ನುತ್ತಿದ್ದರು. ರೇಗಿ ರೇಗಿ ನನಗೂ ಸುಸ್ತಾಗಿತ್ತು. ಊರು ಯಾವುದೆಂದು ಕೇಳಿದೆ. ತೊಂಡಾಮುತ್ತೂರಿನ ಕಡೆ. ಅಜ್ಜ ನೀರುಗಂಟಿಯಾಗಿದ್ದನಂತೆ. ಚಿತ್ತಿರೈಚ್ಚಾವಡಿಯ ಅಣೆಯಿಂದ ಕಾಲುವೆಯಲ್ಲಿ ಬರುವ ನೊಯ್ಯಲಿನ ನೀರನ್ನು ಯಾರ ಹೊಲಕ್ಕೆ ಯಾವ ಹೊತ್ತಿಗೆ ತಿರುಗಿಸಬೇಕೆಂಬುದು ಅವನ ಕೈಯಲ್ಲಿ. ಒಂದು ಗುದ್ದಲಿ, ಎರಡು ಬರಿಗಾಲು, ಬೇರೆ ಸಲಕರಣೆ ಇಲ್ಲ. ಆ ಕಾಲುವೆಯ ನೀರೇ ಮುಂದೆ ಕೃಷ್ಣಾಂಪತಿ ಕೆರೆ ಸೇರುತ್ತದೆ. ಊರೊಳಗೆ ಸೆಲ್ವಚಿಂತಾಮಣಿ ತುಂಬಿದರೆ ಉಕ್ಕಡದ ಪೆರಿಯಕುಳಂ, ಅದು ತುಂಬಿದರೆ ವಾಲಾಂಕುಳಂ. ಒಂದರ ಕೋಡಿ ಇನ್ನೊಂದರ ಬಾಯಿ. ಪಂಪಿಲ್ಲ, ಮೋಟಾರಿಲ್ಲ, ಮೈಲಿಗಟ್ಟಲೆ ವಾಟವನ್ನು ಯಾರೋ ಕಣ್ಣಲ್ಲೇ ಅಳೆದು ತೆಗೆದ ಕಾಲುವೆಗಳು. ‘ಈಗ ಆ ಕಾಲುವೆ ಮೇಲೆಲ್ಲ ಮನೆ ಸಾರ್. ಕೆಲವು ನಾನೇ ಕಟ್ಟಿದ್ದೀನಿ’ ಎಂದರು ಮೇಸ್ತ್ರಿ. ಬೋಂಡ ಕೈಯಲ್ಲೇ ಉಳಿದಿತ್ತು. ನಾನು ಬೈಯಬೇಕೆಂದಿದ್ದ ಮಾತೂ ಉಳಿಯಿತು.

ಆಮೇಲೆ ಏನನ್ನಿಸಿತೋ, ಎದ್ದು ಚಪ್ಪಲಿ ಬಿಟ್ಟು ಬಚ್ಚಲಿಗೆ ಹೋದರು. ನೆಲ ಒದ್ದೆ ಮಾಡಿ, ಕಣ್ಣು ಮುಚ್ಚಿ, ಅಂಗಾಲಿನಲ್ಲಿ ಮೆಲ್ಲಮೆಲ್ಲಗೆ ತಡಕುತ್ತ ನಡೆದರು. ‘ಇಲ್ಲಿ ಉಬ್ಬು, ಇಲ್ಲಿ ತಗ್ಗು’ ಎಂದು ಹೆಬ್ಬೆರಳಿನಲ್ಲಿ ಗುರುತು ಮಾಡಿ, ಕಿವಿಯ ಪೆನ್ಸಿಲ್ ತೆಗೆದು ಗೆರೆ ಎಳೆದರು. ಪೆನ್ಸಿಲ್ ಬರೆಯುತ್ತದೆ ಎಂದು ಅವತ್ತು ಗೊತ್ತಾಯಿತು. ಮರುದಿನ ಟೈಲ್ಸ್ ಒಡೆದು, ಲಕ್ಷ್ಮಿಯ ಕ್ಷಮೆ ಕೇಳಿ, ಪಶ್ಚಿಮಕ್ಕೆ ವಾಟ ಕೊಟ್ಟು ತಾವೇ ಕೂಡಿಸಿದರು. ಕೂಲಿ ಕೊಡಹೋದರೆ ಮುಟ್ಟಲಿಲ್ಲ. ನೀರು ಈಗ ಗುಳುಗುಳು ಎಂದು ಜಾಲರಿಗೆ ಇಳಿಯುತ್ತದೆ. ಮೇಸ್ತ್ರಿಗೆ ಬರದೆ ಇದ್ದದ್ದು ಕೆಲಸವಲ್ಲ. ಅದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಇತ್ತೀಚೆಗೆ ಪಕ್ಕದ ಸೈಟಿನವರು ಬಂದು ಮೇಸ್ತ್ರಿ ಹೇಗೆ ಎಂದು ವಿಚಾರಿಸಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ, ‘ತುಂಬ ಒಳ್ಳೆಯವರು, ಮಾತೆಷ್ಟು ಮೃದು!’ ಎಂದಳು. ಕೆಲಸ ಅವರಿಗೇ ಸಿಕ್ಕಿತು. ಆ ಮನೆ ಈಗ ಮುಗಿದಿದೆ. ಅಂಗಳದ ವಾಟ ಕರಾರುವಾಕ್ಕು. ಎಷ್ಟೇ ಮಳೆ ಬರಲಿ, ಒಂದು ಹನಿ ನಿಲ್ಲುವುದಿಲ್ಲ, ಅಷ್ಟೂ ಈಶಾನ್ಯಕ್ಕೆ ಓಡುತ್ತದೆ. ಅವರ ಈಶಾನ್ಯದಲ್ಲಿ ಇರುವುದು ನಾವು.